ರಂಗನಾಥ ರಾಮಚಂದ್ರ ದಿವಾಕರ (1894–1990)

ಪತ್ರಕರ್ತ, ಸ್ವಾತಂತ್ರ್ಯ ಹೋರಾಟಗಾರ, ಲೇಖಕ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವ, ಬಿಹಾರದ ರಾಜ್ಯಪಾಲ. ಹುಟ್ಟಿದ್ದು ಧಾರವಾಡದಲ್ಲಿ. ಇಷ್ಟೆಲ್ಲ ಹುದ್ದೆಗಳ ನಡುವೆಯೂ ಉತ್ತರ ಕರ್ನಾಟಕದ ಓದುಗರ ಮಟ್ಟಿಗೆ ದಿವಾಕರರು ಮೊದಲಿಗೆ ‘ಕರ್ಮವೀರ’, ‘ಸಂಯುಕ್ತ ಕರ್ನಾಟಕ’, ‘ಕಸ್ತೂರಿ’ಗಳನ್ನು ನಡೆಸಿದ ಲೋಕಶಿಕ್ಷಣ ಟ್ರಸ್ಟಿನ ಯಜಮಾನರು. ಅವರು ಅದನ್ನು ತಮ್ಮ ಸ್ವತ್ತಾಗಿ ಮಾಡಿಕೊಳ್ಳಲಿಲ್ಲ. ಅವರ ಹೆಸರು ಉಳಿಯಬೇಕಾದದ್ದೇ ಈ ಕಾರಣಕ್ಕೆ.

1921ರಲ್ಲಿ, ಅಸಹಕಾರ ಚಳವಳಿಯ ಬಿಸಿಯಲ್ಲಿ, ಅವರು ಧಾರವಾಡದಿಂದ ‘ಕರ್ಮವೀರ’ ವಾರಪತ್ರಿಕೆ ಹೊರಡಿಸಿದರು. ಪತ್ರಿಕೆ ಮತ್ತು ಸೆರೆಮನೆ ಎರಡೂ ಒಟ್ಟೊಟ್ಟಿಗೇ ಬಂದವು. ಬೆಳಗಾವಿಯಲ್ಲಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ ಮೂವತ್ತರ ದಶಕದಲ್ಲಿ ಹುಬ್ಬಳ್ಳಿಗೆ ಬಂದು ನೆಲೆಯೂರಿತು. ಮೊಹರೆ ಹಣಮಂತರಾಯರು ಅದರ ಸಂಪಾದಕರಾಗಿ ದೀರ್ಘಕಾಲ ದುಡಿದರು.

ಪತ್ರಿಕೆಯ ಹೆಸರಿನಲ್ಲೇ ಇದ್ದ ಏಕೀಕರಣದ ಬೇಡಿಕೆ ಎಷ್ಟು ತುರ್ತಿನದೆಂದು ತಿಳಿಯಲು ಬೆಳಗಾವಿ ಜಿಲ್ಲೆಯ ಒಂದು ಮೂಲೆಯ ಅಂದಿನ ನಕಾಶೆಯೊಂದೇ ಸಾಕು. ಬೈಲಹೊಂಗಲ ಮತ್ತು ಕಿತ್ತೂರು ಮುಂಬಯಿ ಇಲಾಖೆಯ ಸಂಪಗಾಂವ ತಾಲ್ಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲ್ಲೂಕಿನ ಮುಖ್ಯ ಊರು. ಅಲ್ಲಿಂದ ತುಸು ಮುಂದೆ ಹೋದರೆ ರಾಮದುರ್ಗ. ಅದು ಭಾವೆ ಮನೆತನದ ಸಂಸ್ಥಾನ. ಅಕ್ಕಪಕ್ಕದ ಊರು, ಒಂದೇ ಮಾತು, ಕಾಯಿದೆ ಮಾತ್ರ ಬೇರೆ ಬೇರೆ. 1939ರ ಏಪ್ರಿಲಿನಲ್ಲಿ ರಾಮದುರ್ಗದ ಪ್ರಜೆಗಳ ಚಳವಳಿ ಹಿಂಸೆಗೆ ತಿರುಗಿ ಪೊಲೀಸರು ಸತ್ತರು. ಅಹಿಂಸೆಯನ್ನೇ ನೆಚ್ಚಿದ್ದ ಕಾಂಗ್ರೆಸ್ಸಿಗೆ ಅದೊಂದು ದೊಡ್ಡ ಪೆಟ್ಟು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ನಾಲ್ಕೂ ಊರುಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದವು. ಅಲ್ಲಿಯವರೆಗೆ ಇಂಥ ಹರಿದು ಹಂಚಿದ ಸೀಮೆಯ ಜನರಿಗೆ ಒಂದೇ ಸುದ್ದಿಯನ್ನು ಒಂದೇ ಭಾಷೆಯಲ್ಲಿ ಮುಟ್ಟಿಸುವ ಕೆಲಸ ಕನ್ನಡ ಪತ್ರಿಕೆಗಳ ಪಾಲಿಗೆ ಬಂದಿತ್ತು.

ಈ ಪತ್ರಿಕೆಗಳ ಹಿಂದಿದ್ದ ಲೋಕಶಿಕ್ಷಣ ಟ್ರಸ್ಟಿನ, 1935ರಲ್ಲಿ ಬರೆದ ಪತ್ರವನ್ನು ನಿಧಾನವಾಗಿ ಓದಬೇಕು. ಕೈಯಲ್ಲಿದ್ದದ್ದು ಸುಮಾರು 4,300 ರೂಪಾಯಿಯ ಆಸ್ತಿ. ಇಟ್ಟುಕೊಂಡ ಉದ್ದೇಶವೋ ಭಾರತದ, ವಿಶೇಷವಾಗಿ ಕರ್ನಾಟಕದ ಜನರನ್ನು ಸುಶಿಕ್ಷಿತರನ್ನಾಗಿ ಮಾಡುವುದು. ಅದಕ್ಕಾಗಿ ವಾಚನಾಲಯ, ಗ್ರಂಥಾಲಯ, ಮುದ್ರಣಾಲಯ ನಡೆಸಬೇಕು, ಪುಸ್ತಕ ತರಬೇಕು, ಕನ್ನಡಿಗರ ಅಭಿಪ್ರಾಯಕ್ಕೆ ಬಾಯಾಗುವ ಪತ್ರಿಕೆಗಳನ್ನು ಹೊರಡಿಸಬೇಕು. ಷೇರುದಾರರೂ ಇಲ್ಲ, ಲಾಭಾಂಶವೂ ಇಲ್ಲ.

ನಲವತ್ತು ವರ್ಷಗಳ ನಂತರ ಇದೇ ಪತ್ರ ಸುಪ್ರೀಂ ಕೋರ್ಟಿನ ಮುಂದೆ ಬಂತು. 1962–63ರ ಆದಾಯ ತೆರಿಗೆಯ ತಕರಾರು ಅದು. ಅಷ್ಟು ಹೊತ್ತಿಗೆ ದಿವಾಕರರೊಬ್ಬರೇ ಟ್ರಸ್ಟಿಯಾಗಿ ಉಳಿದಿದ್ದರು. ಮೊಕದ್ದಮೆಯ ಹೆಸರೇ ‘ಸೋಲ್ ಟ್ರಸ್ಟಿ, ಲೋಕಶಿಕ್ಷಣ ಟ್ರಸ್ಟ್’. ಪತ್ರಿಕೆಯೂ ಶಿಕ್ಷಣವೇ, ಆದ್ದರಿಂದ ತೆರಿಗೆ ವಿನಾಯಿತಿ ಸಿಗಬೇಕು ಎಂಬುದು ಟ್ರಸ್ಟಿನ ವಾದ. 1975ರ ಆಗಸ್ಟ್ 28ರಂದು ನ್ಯಾಯಮೂರ್ತಿಗಳಾದ ಖನ್ನಾ, ಬೇಗ್ ಮತ್ತು ಗುಪ್ತಾ ಅದನ್ನು ತಳ್ಳಿಹಾಕಿದರು. ಕಾಯಿದೆಯ ಪ್ರಕಾರ ಶಿಕ್ಷಣವೆಂದರೆ ಕ್ರಮಬದ್ಧವಾದ ಕಲಿಕೆ. ಪತ್ರಿಕೆ ಓದಿ ತಿಳಿವಳಿಕೆ ಬೆಳೆದರೂ ಅದು ಆ ಅರ್ಥಕ್ಕೆ ಒಳಪಡುವುದಿಲ್ಲ. ಮೇಲಾಗಿ ಪತ್ರಿಕೆ ಲಾಭಕ್ಕಾಗಿ ನಡೆಯದಂತೆ ತಡೆಯುವ ಕಟ್ಟು ಟ್ರಸ್ಟಿನ ಪತ್ರದಲ್ಲಿಲ್ಲ ಎಂದರು. ದಿವಾಕರರ ಆಶಯ ದೊಡ್ಡದು, ನಿಜ. ಆದರೂ ಇಷ್ಟು ದೊಡ್ಡ ಸಂಸ್ಥೆಯ ಅಧಿಕಾರವೆಲ್ಲ ಒಬ್ಬರ ಕೈಯಲ್ಲಿ ಉಳಿದದ್ದು ಆ ವ್ಯವಸ್ಥೆಯ ಕೊರತೆ ಎನ್ನದೆ ವಿಧಿಯಿಲ್ಲ.

ಸರಕಾರದ ಮಾಧ್ಯಮವೂ ಅವರ ಕೈಗೆ ಬಂದಿತ್ತು. 1942ರ ಚಳವಳಿಯಲ್ಲಿ ಭೂಗತರಾಗಿದ್ದವರು 1948ರಲ್ಲಿ ವಾರ್ತಾ ಖಾತೆಯ ರಾಜ್ಯ ಸಚಿವರಾದರು. ಆ ಅವಧಿಯಲ್ಲೇ, 1950ರ ಜನವರಿ 8ರಂದು, ಧಾರವಾಡ ಆಕಾಶವಾಣಿ ಶುರುವಾಯಿತು. ಸವದತ್ತಿ, ಬೈಲಹೊಂಗಲದ ಮನೆಗಳಿಗೆ ತಮ್ಮ ಸೀಮೆಯ ಕನ್ನಡವೇ ರೇಡಿಯೋದಲ್ಲಿ ಕೇಳತೊಡಗಿತು. 1952ರಿಂದ 1957ರವರೆಗೆ ಬಿಹಾರದ ರಾಜ್ಯಪಾಲರಾಗಿದ್ದರು. ಮುಂದೆ ರಾಜ್ಯಸಭೆಯ ನಾಮಕರಣ ಸದಸ್ಯತ್ವ, ಗಾಂಧಿ ಶಾಂತಿ ಪ್ರತಿಷ್ಠಾನದ ಅಧ್ಯಕ್ಷತೆ.

ಅವರು ಪಟನಾದಲ್ಲಿದ್ದಾಗ, 1956ರಲ್ಲಿ, ಟ್ರಸ್ಟಿನಿಂದ ‘ಕಸ್ತೂರಿ’ ಮಾಸಪತ್ರಿಕೆ ಹೊರಬಂತು. ಅದನ್ನು ಬೆಳೆಸಿದವರು ಪಾವೆಂ ಆಚಾರ್ಯರು. ಅಂಗೈಯಗಲದ ಆ ಡೈಜೆಸ್ಟಿನಲ್ಲಿ ವಿಜ್ಞಾನ, ಪ್ರವಾಸ, ಇತಿಹಾಸದ ಜೊತೆಗೆ ಒಂದಿಡೀ ಪುಸ್ತಕದ ಸಂಗ್ರಹವೂ ಸಿಗುತ್ತಿತ್ತು. ಗ್ರಂಥಾಲಯ ಹತ್ತಿರವಿಲ್ಲದ ಹಳ್ಳಿಯ ಮಾಸ್ತರರಿಗೆ, ಕಾಲೇಜು ಹುಡುಗರಿಗೆ ಅದು ಕೊಟ್ಟದ್ದನ್ನು ಯಾವ ಲೆಕ್ಕಪತ್ರದಲ್ಲೂ ಬರೆದಿಡಲಾಗದು. ಟ್ರಸ್ಟಿನ ಪತ್ರದ ಮಾತು ಅತ್ಯಂತ ನಿಜವಾದದ್ದು ಇಲ್ಲಿಯೇ.

ದಿವಾಕರರು 1990ರ ಜನವರಿಯಲ್ಲಿ ತೀರಿಕೊಂಡರು. ಅವರು ಸೋತ ಮೊಕದ್ದಮೆ ಇನ್ನೂ ಜೀವಂತವಾಗಿದೆ. ಆದಾಯ ತೆರಿಗೆ ಕಾಯಿದೆಯಲ್ಲಿದ್ದ, ಲಾಭದ ಚಟುವಟಿಕೆ ಇರಕೂಡದೆಂಬ ಮಾತನ್ನು 1983ರ ಹಣಕಾಸು ಕಾಯಿದೆ ತೆಗೆದುಹಾಕಿತು. ಶಿಕ್ಷಣ ಎಂದರೇನು ಎಂಬ ವ್ಯಾಖ್ಯೆ ಮಾತ್ರ ನಿಂತಿತು. 2022ರ ಅಕ್ಟೋಬರಿನಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳ ತೆರಿಗೆ ವಿನಾಯಿತಿಯನ್ನು ಬಿಗಿಗೊಳಿಸಿದಾಗ ಸುಪ್ರೀಂ ಕೋರ್ಟು ಹುಬ್ಬಳ್ಳಿಯ ಈ ಟ್ರಸ್ಟಿನ ತೀರ್ಪನ್ನೇ ಆಧಾರವಾಗಿ ಹಿಡಿಯಿತು.