ಪೇಟೆಗೆ ಒಗ್ಗದ ಹಣ್ಣು

ಸೀತಾಫಲವನ್ನು ನಾವು ನಮ್ಮದೆಂದೇ ತಿಳಿದಿದ್ದೇವೆ. ಸೀತೆಯ ಹೆಸರು ಹೊತ್ತ ಹಣ್ಣು ಪರದೇಶದ್ದೆಂದರೆ ಯಾರು ತಾನೆ ನಂಬಿಯಾರು? ಪುಣೆಯ ಪೇಟೆಗೆ ಸಾಸವಡದ ಕಡೆಯಿಂದ ಬರುವ ಬುಟ್ಟಿಗಳಲ್ಲಿಯೂ ಹೈದರಾಬಾದಿನ ರಸ್ತೆಬದಿಯ ಬಾಲಾನಗರದ ಹಣ್ಣುಗಳಲ್ಲಿಯೂ ನಾವು ಊರಿನ ಹಿತ್ತಲನ್ನೇ ಕಾಣುತ್ತೇವೆ. ಆದರೆ ಸೀತಾಫಲವೂ ರಾಮಫಲವೂ ಅಮೆರಿಕ ಖಂಡದ ಉಷ್ಣವಲಯದಿಂದ ಕಡಲು ದಾಟಿ ಬಂದವೆಂಬುದು ಸಸ್ಯವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ ಮಾತು. ಹೊರಗಿನಿಂದ ಬಂದದ್ದು ಹೀಗೆ ಮನೆಯದಾಯಿತು. ಅದೇ ಕುಲದ ಇನ್ನೊಂದು ಹಣ್ಣಿನ ಕತೆ ಇದಕ್ಕೆ ತೀರ ವಿರುದ್ಧವಾದುದು. ಅದು ಹುಟ್ಟಿದ ಮನೆಯಲ್ಲಿಯೇ ಅಪರಿಚಿತವಾಯಿತು.

ಅದರ ಹೆಸರು ಪಾಪಾ. ಇಂಗ್ಲಿಷಿನವರು ಹಲವೆಡೆ ಪಪ್ಪಾಯಿಯನ್ನೂ ಇದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಸಹಜ. ಎರಡಕ್ಕೂ ಯಾವ ನಂಟೂ ಇಲ್ಲ. ಸಸ್ಯಶಾಸ್ತ್ರದಲ್ಲಿ ಇದು ಅಸಿಮಿನಾ ಟ್ರೈಲೋಬಾ. ಸೀತಾಫಲದ ಬಳಗವೆಲ್ಲ ಬೆಚ್ಚನೆಯ ನಾಡುಗಳಲ್ಲಿ ನೆಲೆಸಿದ್ದರೆ, ಇದೊಂದು ಮಾತ್ರ ಹಿಮ ಬೀಳುವ ಪೂರ್ವ ಅಮೆರಿಕದ ನದೀತೀರದ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಆ ದೇಶದ ಮೂಲ ಹಣ್ಣುಗಳಲ್ಲಿ ಗಾತ್ರದಲ್ಲಿ ಇದೇ ಹಿರಿದು. ಹಸಿರು ಸಿಪ್ಪೆ, ಗಿಣ್ಣಿನಷ್ಟು ಮೆತ್ತನೆಯ ಹಳದಿ ತಿರುಳು, ಬಾಳೆಯನ್ನೂ ಮಾವನ್ನೂ ಒಟ್ಟಿಗೆ ನೆನಪಿಸುವ ರುಚಿ.

ಮೂಲನಿವಾಸಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಸಿಮಿನಾ ಎಂಬ ಹೆಸರೇ ಅವರ ನುಡಿಯಿಂದ ಫ್ರೆಂಚರ ಮೂಲಕ ಬಂದದ್ದು. ಥಾಮಸ್ ಜೆಫರ್ಸನ್ ಇದರ ಬೀಜಗಳನ್ನು ಫ್ರಾನ್ಸಿನ ಗೆಳೆಯರಿಗಾಗಿ ತರಿಸಿದ. 1806ರ ಸೆಪ್ಟೆಂಬರಿನಲ್ಲಿ, ಪಶ್ಚಿಮದ ಕಡಲನ್ನು ಕಂಡು ಹಿಂದಿರುಗುತ್ತಿದ್ದ ಲೂಯಿಸ್ ಮತ್ತು ಕ್ಲಾರ್ಕರ ತಂಡದ ಆಹಾರ ತೀರಿಹೋದಾಗ, ಮಿಸೌರಿ ನದಿಯ ದಡದ ಪಾಪಾ ಹಣ್ಣುಗಳೇ ಅವರ ಹೊಟ್ಟೆ ಹೊರೆದವು. ಮಿಶಿಗನ್ ಹಾಗೂ ಪಶ್ಚಿಮ ವರ್ಜೀನಿಯಾಗಳಲ್ಲಿ ಈ ಹಣ್ಣಿನ ಹೆಸರಿನ ಊರುಗಳು ಇಂದಿಗೂ ಇವೆ.

ಹಾಗಿದ್ದ ಹಣ್ಣು ಮರೆಯಾದದ್ದೇಕೆ? ಒಂದು ಕಾರಣ ಹಣ್ಣಿನ ಗುಣದಲ್ಲಿಯೇ ಇದೆ. ಮರದಲ್ಲಿ ಮಾಗಿದ ಪಾಪಾ ಎರಡು ಮೂರು ದಿನಗಳಲ್ಲಿ ಕಪ್ಪಿಟ್ಟು ಕೆಡುತ್ತದೆ; ಬಲಿಯುವ ಮೊದಲೇ ಕಿತ್ತರೆ ಹಣ್ಣಾಗುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು, ಹಡಗುಗಳನ್ನೇರಿ ಬಂದ ಬಾಳೆಹಣ್ಣು ಅಂಗಡಿಗಳನ್ನು ತುಂಬಿತು. ದೂರ ಸಾಗಲಾರದ ಪಾಪಾ 'ಬಡವರ ಬಾಳೆಹಣ್ಣು' ಎನಿಸಿಕೊಂಡು ಕಾಡಿನಂಚಿನಲ್ಲಿ ಉಳಿಯಿತು. ಇನ್ನೊಂದು ಕಾರಣ ಚರಿತ್ರೆಯದು. 1830ರ ಕಾಯಿದೆಯ ಬಲದಿಂದ ಮೂಲನಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಅಟ್ಟಿದಾಗ, ಯಾವ ಮರ ಎಲ್ಲಿ ಸಿಹಿ ಎಂಬ ತಲೆಮಾರುಗಳ ತಿಳಿವೂ ಅವರೊಡನೆ ಹೊರಟುಹೋಯಿತೆಂದು ನಾವು ಊಹಿಸಬಹುದು.

ಮರುಹುಟ್ಟಿನ ಮೊದಲ ಪ್ರಯತ್ನ 1916ರದು. ಅಮೆರಿಕದ ತಳಿಶಾಸ್ತ್ರ ಸಂಘವು ಅತ್ಯುತ್ತಮ ಹಣ್ಣಿಗೆ 50 ಡಾಲರ್ ಬಹುಮಾನ ಸಾರಿತು. ನಾಡಿನ ಮೂಲೆಮೂಲೆಗಳಿಂದ ಹಣ್ಣುಗಳು ಬಂದವು. ಓಹೈಯೊದ ಒಂದು ಹಣ್ಣಿಗೆ ಬಹುಮಾನ ಸಂದಿತು. ಆದರೆ ಉತ್ಸಾಹ ಬಹುಕಾಲ ಬಾಳಲಿಲ್ಲ. ಆಸಕ್ತರು ಕೂಡಿಟ್ಟ ತೋಟಗಳು ಅವರ ಕಾಲಾನಂತರ ಪೋಷಕರಿಲ್ಲದೆ ಪೊದೆಗಳಾದವು.

1975ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಸಸ್ಯತಳಿಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನೀಲ್ ಪೀಟರ್ಸನ್ ಮೊದಲ ಬಾರಿಗೆ ಈ ಹಣ್ಣನ್ನು ಸವಿದರು. ಇಷ್ಟು ರುಚಿಯ ಹಣ್ಣನ್ನು ಯಾರೂ ತಿದ್ದಿ ಬೆಳೆಸಲಿಲ್ಲವೇಕೆ ಎಂಬ ಪ್ರಶ್ನೆ ಅವರ ಬಾಳಿನ ಕೆಲಸವಾಯಿತು. ಅವರು ಆ ಹಳೆಯ ತೋಟಗಳ ಜಾಡು ಹಿಡಿದು ಹೋಗಿ ಬೀಜ ಆರಿಸಿದರು. ಮೇರಿಲ್ಯಾಂಡಿನಲ್ಲಿ ಸಾವಿರಕ್ಕೂ ಮಿಕ್ಕಿ ಸಸಿಗಳನ್ನು ನೆಟ್ಟು, ವರ್ಷಗಟ್ಟಲೆ ರುಚಿ ನೋಡಿ, ಕೆಲವನ್ನೇ ಉಳಿಸಿಕೊಂಡರು. ಶೆನಂಡೋವಾ, ಸಸ್ಕ್ವೆಹಾನಾ, ಪೊಟೋಮ್ಯಾಕ್: ತಮ್ಮ ತಳಿಗಳಿಗೆ ಅವರು ಇಟ್ಟದ್ದು ಮೂಲನಿವಾಸಿಗಳ ನುಡಿಯಿಂದ ಬಂದ ನದಿಗಳ ಹೆಸರು. ನಮಗೆ ಈ ನಾಮಕರಣ ಬಹಳ ದೊಡ್ಡದಾಗಿ ಕಾಣುತ್ತದೆ. ಹಣ್ಣನ್ನು ಕಾಪಾಡಿದವರ ಋಣ ಅದರಲ್ಲಿ ದಾಖಲಾಗಿದೆ.

ಕೆಂಟಕಿ ರಾಜ್ಯ ವಿಶ್ವವಿದ್ಯಾಲಯ 1990ರಿಂದ ಇದರ ಸಂಶೋಧನೆ ನಡೆಸುತ್ತಿದೆ. 1994ರಿಂದ ತಳಿಸಂಗ್ರಹವೂ ಅಲ್ಲಿದೆ. ಓಹೈಯೊದಲ್ಲಿ 1999ರಿಂದ ಪಾಪಾ ಹಬ್ಬ ನಡೆಯುತ್ತದೆ. ಬೆಳೆಸುವುದಕ್ಕೆ ಮಾತ್ರ ತಾಳ್ಮೆ ಬೇಕು. ಬೀಜ ಒಣಗಬಾರದು, ತಿಂಗಳುಗಟ್ಟಲೆ ತೇವದ ತಂಪಿನಲ್ಲಿರಬೇಕು. ಫಲಕ್ಕೆ ಐದಾರು ವರ್ಷ ಕಾಯಬೇಕು. ಬೇರಿನಿಂದ ಚಿಗುರಿದ ಗಿಡಗಳೆಲ್ಲ ಒಂದೇ ತಾಯಿಯವಾದ್ದರಿಂದ ತಮ್ಮೊಳಗೆ ಫಲ ಕಟ್ಟುವುದು ಅಪರೂಪ. ಬೇರೆ ವಂಶದ ಮರವೊಂದು ಹತ್ತಿರವಿರಬೇಕು. ತಿರುಳಿನಲ್ಲಿ ಅನೊನಾಸಿನ್ ಎಂಬ ನರಗಳಿಗೆ ಹಾನಿಕರವಾದ ಅಂಶವೂ ಇರುವುದರಿಂದ, ಋತುವಿನಲ್ಲಿ ಮಿತವಾಗಿ ತಿನ್ನುವುದು ಲೇಸು.

ನಮ್ಮಲ್ಲಿಯೂ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ 'ಅರ್ಕಾ ಸಹನ್' ಎಂಬ ಸೀತಾಫಲದ ಸಂಕರ ತಳಿಯನ್ನು ರೂಪಿಸಿದೆ. ಕಡಲಾಚೆಯ ಹಣ್ಣಿಗೆ ಇಷ್ಟು ದುಡಿದ ನಾವು, ಹಿತ್ತಲಿನ ಕವಳೆ, ಕಾರೆ, ಬಿಕ್ಕೆಗಳಿಗೆ ಎಷ್ಟು ದುಡಿದಿದ್ದೇವೆ? ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆಯುವ ನಮ್ಮ ಮಕ್ಕಳಿಗೆ ಅವುಗಳ ಹೆಸರೂ ತಿಳಿಯದು. ಸಾಗಿಸಲಾಗದ್ದು ಕೀಳೆಂದು ಪೇಟೆ ಹೇಳುತ್ತದೆ. ಕೆಲವನ್ನು ಸವಿಯಬೇಕಾದರೆ ಅವು ಬೆಳೆಯುವಲ್ಲಿಗೆ, ಅವು ಮಾಗುವ ಕಾಲಕ್ಕೆ ನಾವೇ ಹೋಗಬೇಕು ಎಂಬುದು ಪಾಪಾ ಹೇಳುವ ಮಾತು. ಹೋಗುವವರು ಇರುವವರೆಗೆ ಹಣ್ಣೂ ಅದರ ಹೆಸರೂ ಉಳಿಯುತ್ತವೆ.