ಮೇಣದಲ್ಲಿ ಮೂಡಿದ ಕ್ರಿಸ್ತನ ಮುಖ

ಕೊಟ್ಟೂರೇಶ್ವರನ ರಥೋತ್ಸವ, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಇವುಗಳ ಸೀಮೆಯಲ್ಲಿ ಸೇವೆ ಮಾಡುವ ಸಭಾಪಾಲಕರಿಗೆ ಒಂದು ಪ್ರಶ್ನೆ ಎದುರಾಗದೆ ಇರದು: ವಿಗ್ರಹವನ್ನು ಒಲ್ಲದ ಕ್ರೈಸ್ತರು ಕ್ರಿಸ್ತನ ಚಿತ್ರವನ್ನೇಕೆ ಇರಿಸಿಕೊಳ್ಳುತ್ತಾರೆ? ಇದಕ್ಕೆ ಸಭೆಯ ಚರಿತ್ರೆ ಕೊಡುವ ಉತ್ತರವೊಂದು ಜೇನುಮೇಣದ ಚಿತ್ರಕಲೆಯಲ್ಲಿದೆ.

ಕರಗಿಸಿದ ಜೇನುಮೇಣಕ್ಕೆ ಬಣ್ಣದ ಪುಡಿ ಬೆರೆಸಿ, ಬಿಸಿ ಆರುವ ಮೊದಲೇ ಹಲಗೆಗೆ ಹಚ್ಚಿ, ಕಾಯಿಸಿದ ಲೋಹದ ಉಪಕರಣದಿಂದ ತೀಡುವುದು ಗ್ರೀಕರಲ್ಲಿ ಬೆಳೆದ ವಿಧಾನ. ರೋಮಿನ ಪ್ಲಿನಿ ತನ್ನ ‘ನಿಸರ್ಗ ಚರಿತ್ರೆ’ಯ 35ನೆಯ ಪುಸ್ತಕದಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. ಕ್ರಿ.ಶ. 1ರಿಂದ 3ನೆಯ ಶತಮಾನದವರೆಗೆ ಐಗುಪ್ತದ ಫಯೂಮ್ ಪ್ರಾಂತದಲ್ಲಿ ಹೀಗೆ ಬರೆದ ಮುಖಚಿತ್ರಗಳನ್ನು ಮೃತರ ಮಮ್ಮಿಗಳ ಮೇಲೆ ಇರಿಸಿ ಕಟ್ಟುತ್ತಿದ್ದರು. ಅಗಲಿದವರ ನೆನಪಿಗೆ ದುಡಿದ ಈ ಕಲೆಯನ್ನೇ ಕ್ರೈಸ್ತ ಚಿತ್ರಕಾರರು ಜೀವಂತನಾದ ಕರ್ತನ ಮುಖವನ್ನು ಬರೆಯಲು ಬಳಸಿದರು.

ಸೀನಾಯಿಯ ಸಂತ ಕ್ಯಾಥರೀನ್ ಮಠದಲ್ಲಿ 6ನೆಯ ಶತಮಾನದ ಅಂಥ ಚಿತ್ರವೊಂದು ಉಳಿದಿದೆ. ಎತ್ತರ ಸುಮಾರು 84 ಸೆಂ.ಮೀ. ಕ್ರಿಸ್ತನ ಬಲಗೈ ಆಶೀರ್ವದಿಸುತ್ತದೆ, ಎಡಗೈ ಸುವಾರ್ತೆಯ ಗ್ರಂಥವನ್ನು ಹಿಡಿದಿದೆ. ಮುಖದ ಎರಡು ಪಾರ್ಶ್ವಗಳು ಒಂದೇ ಬಗೆಯಾಗಿಲ್ಲ. ಒಂದು ಪ್ರಶಾಂತ, ಇನ್ನೊಂದು ಕಠಿಣ. 451ರ ಖಾಲ್ಸೆದೋನ್ ಮಹಾಸಭೆ ಸಾರಿದ ದೈವ ಮತ್ತು ಮಾನವ ಸ್ವಭಾವಗಳ ಸೂಚನೆಯನ್ನು ಹಲವು ವಿದ್ವಾಂಸರು ಇದರಲ್ಲಿ ಕಂಡಿದ್ದಾರೆ.

8ನೆಯ ಶತಮಾನದಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿಗಳು ಪವಿತ್ರ ಚಿತ್ರಗಳನ್ನು ನಿಷೇಧಿಸಿದರು. ಸೀನಾಯಿ ಆಗ ಮುಸ್ಲಿಮರ ಆಳ್ವಿಕೆಯಲ್ಲಿದ್ದುದರಿಂದ ಆ ಆಜ್ಞೆ ಅಲ್ಲಿಗೆ ತಲಪಲಿಲ್ಲ, ಚಿತ್ರ ಉಳಿಯಿತು. ಅದೇ ಆಳ್ವಿಕೆಯಲ್ಲಿ ಬಾಳಿದ ದಮಸ್ಕದ ಯೋಹಾನನು, ಅದೃಶ್ಯನಾದ ದೇವರು ಶರೀರಧಾರಿಯಾಗಿ ಕಾಣಿಸಿಕೊಂಡದ್ದರಿಂದಲೇ ಆತನನ್ನು ಚಿತ್ರಿಸಬಹುದೆಂದು ವಾದಿಸಿದನು. 787ರ ಎರಡನೆಯ ನಿಕೇಯ ಮಹಾಸಭೆಯು ಆರಾಧನೆ ದೇವರಿಗೆ ಮಾತ್ರ ಸಲ್ಲತಕ್ಕದ್ದೆಂದೂ ಚಿತ್ರಕ್ಕೆ ತೋರಿದ ಗೌರವ ಚಿತ್ರಿತನಾದ ವ್ಯಕ್ತಿಗೆ ಸಲ್ಲುವುದೆಂದೂ ತೀರ್ಮಾನಿಸಿತು. ಸುಧಾರಣಾ ಪರಂಪರೆಯ ಅನೇಕ ಸಭೆಗಳು ಈ ತೀರ್ಮಾನವನ್ನು ಒಪ್ಪಲಿಲ್ಲ. ಅವುಗಳ ಎಚ್ಚರಿಕೆಗೂ ಬೆಲೆಯುಂಟು.

ಗೌರವವು ರೂಪವನ್ನು ದಾಟಿ ಮೂಲವನ್ನು ಮುಟ್ಟುತ್ತದೆಂಬ ಮಾತನ್ನು ಕೊಟ್ಟೂರಿನ ಭಕ್ತರೂ ಹೇಳಬಲ್ಲರು. ಆದುದರಿಂದ ಆ ಒಂದು ವಾದವನ್ನೇ ನೆಚ್ಚಿ ನೆರೆಯವರನ್ನು ಹಳಿಯುವುದು ನ್ಯಾಯವಲ್ಲ. ನಮ್ಮ ಸಾಕ್ಷಿಯ ನೆಲೆ ಬೇರೆ: ಹುಟ್ಟಿ, ಹಸಿದು, ಶಿಲುಬೆಯಲ್ಲಿ ಸತ್ತು ಎದ್ದ ಒಬ್ಬಾತನಿಗೆ ಚರಿತ್ರೆಯಲ್ಲಿ ಒಂದು ಮುಖವಿತ್ತು. ಸೀನಾಯಿಯ ಮೇಣ ಸಾರುವುದು ಅದನ್ನೇ.