ಯಂಗ್ಸ್‌ಟೌನಿನ ಉಕ್ಕಿನ ಬಿಕ್ಕಟ್ಟು ಮತ್ತು ಧರ್ಮಸಂಸ್ಥೆಗಳು

ಅಮೆರಿಕದ ಒಹಾಯೊ ರಾಜ್ಯದ ಮಹೋನಿಂಗ್ ನದಿಯ ದಡದಲ್ಲಿರುವ ಯಂಗ್ಸ್‌ಟೌನ್ ಇಪ್ಪತ್ತನೆಯ ಶತಮಾನದ ಬಹುಭಾಗ ಆ ದೇಶದ ಪ್ರಮುಖ ಉಕ್ಕಿನ ಕೇಂದ್ರಗಳಲ್ಲಿ ಒಂದಾಗಿತ್ತು. ಇಟಲಿ, ಪೋಲೆಂಡ್, ಸ್ಲೊವಾಕಿಯ, ಹಂಗೆರಿಗಳಿಂದ ಬಂದ ವಲಸಿಗರೂ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬಂದ ಕರಿಯರೂ ಇಲ್ಲಿನ ಕುಲುಮೆಗಳಲ್ಲಿ ದುಡಿಯುತ್ತ, ತಮ್ಮ ಭಾಷೆ ಮತ್ತು ಸಂಪ್ರದಾಯಗಳಿಗೆ ತಕ್ಕ ಚರ್ಚುಗಳನ್ನು ಕಟ್ಟಿಕೊಂಡರು. ಕಾರ್ಮಿಕರ ಕೂಲಿಯೇ ಈ ಚರ್ಚುಗಳಿಗೂ ಆಧಾರವಾಗಿದ್ದರಿಂದ, ಕಾರ್ಖಾನೆಯ ಅಳಿವು ಉಳಿವು ಧರ್ಮಸಂಸ್ಥೆಗಳ ಪಾಲಿಗೆ ಹೊರಗಿನ ವಿಷಯವಾಗಿರಲಿಲ್ಲ.

1977ರ ಸೆಪ್ಟೆಂಬರ್ 19ರ ಸೋಮವಾರ ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿಯು ತನ್ನ ಕ್ಯಾಂಬೆಲ್ ಕಾರ್ಖಾನೆಯ ಬಹುಭಾಗವನ್ನು ಮುಚ್ಚುವುದಾಗಿ ಪ್ರಕಟಿಸಿ, ಸುಮಾರು 5,000 ಜನರ ಉದ್ಯೋಗಕ್ಕೆ ಕೊನೆ ಹಾಡಿತು; ಆ ದಿನ ಊರಿನವರ ನೆನಪಿನಲ್ಲಿ 'ಕರಾಳ ಸೋಮವಾರ'ವೆಂದೇ ಉಳಿದಿದೆ. ವಿದೇಶಿ ಉಕ್ಕಿನ ಸ್ಪರ್ಧೆ ಮತ್ತು ಹಳೆಯ ಯಂತ್ರಗಳು ಕಾರಣಗಳಾಗಿದ್ದರೂ, 1969ರಲ್ಲಿ ಕಂಪನಿಯನ್ನು ಕೊಂಡ ಲೈಕ್ಸ್ ಎಂಬ ಹಡಗು ಸಂಸ್ಥೆಯು ಯಂತ್ರಗಳ ನವೀಕರಣಕ್ಕೆ ಸಾಕಷ್ಟು ಬಂಡವಾಳ ಹೂಡಲಿಲ್ಲವೆಂಬ ಆರೋಪ ಬಲವಾಗಿತ್ತು.

ಕೆಲವೇ ವಾರಗಳಲ್ಲಿ ಕ್ಯಾಥೊಲಿಕ್ ಬಿಷಪ್ ಜೇಮ್ಸ್ ಮಲೋನ್, ಎಪಿಸ್ಕೋಪಲ್ ಬಿಷಪ್ ಜಾನ್ ಬರ್ಟ್ ಮೊದಲಾದವರ ಮುಂದಾಳತ್ವದಲ್ಲಿ ವಿವಿಧ ಕ್ರೈಸ್ತ ಪಂಥಗಳೂ ಯಹೂದಿ ಸಮುದಾಯವೂ ಸೇರಿ 'ಮಹೋನಿಂಗ್ ಕಣಿವೆಯ ಸರ್ವಪಂಥೀಯ ಒಕ್ಕೂಟ'ವನ್ನು ರಚಿಸಿದವು. ಇದು ಆಹಾರ ಹಂಚಿ ಸಾಂತ್ವನ ಹೇಳುವುದಕ್ಕೆ ನಿಲ್ಲದೆ, ಮುಚ್ಚಿದ ಕಾರ್ಖಾನೆಯನ್ನು ಕಾರ್ಮಿಕರೂ ಊರಿನವರೂ ಕೊಂಡು ತಾವೇ ನಡೆಸಬೇಕೆಂದು ಹೊರಟಿದ್ದೇ ಇದರ ವಿಶೇಷ. ಅದೇ ವರ್ಷ ಹೊರಡಿಸಿದ ಧಾರ್ಮಿಕ ಪತ್ರದಲ್ಲಿ, ಅಂದರೆ ಧರ್ಮನಾಯಕರು ಭಕ್ತಸಮುದಾಯವನ್ನು ಉದ್ದೇಶಿಸಿ ಬರೆಯುವ ಬೋಧನಾಪತ್ರದಲ್ಲಿ, ಕಂಪನಿಗೆ ಷೇರುದಾರರ ಋಣವಷ್ಟೇ ಅಲ್ಲದೆ ದುಡಿದವರ ಮತ್ತು ಅವರ ಊರಿನ ಋಣವೂ ಇದೆಯೆಂಬ ನಿಲುವನ್ನು ಒಕ್ಕೂಟವು ಮಂಡಿಸಿತು. ಅರ್ಥಶಾಸ್ತ್ರಜ್ಞ ಗಾರ್ ಆಲ್ಪರೊವಿಟ್ಸ್ ಅವರ ತಂಡವು ಕೇಂದ್ರ ಸರ್ಕಾರದ ನೆರವಿನಿಂದ ಪುನರಾರಂಭದ ಯೋಜನೆ ಸಿದ್ಧಪಡಿಸಿತು. ವಕೀಲ ಸ್ಟಾಟನ್ ಲಿಂಡ್ ಕಾನೂನಿನ ನೆರವು ನೀಡಿದರು. 'ನಮ್ಮ ಕಣಿವೆಯನ್ನು ಉಳಿಸಿ' ಎಂಬ ಅಭಿಯಾನದಲ್ಲಿ ಜನರೂ ಚರ್ಚುಗಳೂ ಬ್ಯಾಂಕಿನ ವಿಶೇಷ ಖಾತೆಗಳಲ್ಲಿ ಉಳಿತಾಯದ ಹಣವಿಟ್ಟು, ಕಾರ್ಖಾನೆ ಮತ್ತೆ ತೆರೆದರೆ ಅದನ್ನು ಹೂಡುವ ಇಂಗಿತವನ್ನು ತೋರಿದರು. ಹೀಗೆ ಕೂಡಿದ್ದು ಕೆಲವು ದಶಲಕ್ಷ ಡಾಲರ್ ಮಾತ್ರ. ಆದರೆ ಕೆಲಸ ಕಳೆದುಕೊಂಡ ಊರೊಂದು ಮುಂದಿಟ್ಟ ಈ ಮೊತ್ತವನ್ನು ಬರಿಯ ಅಂಕಿಯಾಗಿ ಅಳೆಯುವುದು ಅನ್ಯಾಯವಾದೀತು.

ಕಾರ್ಖಾನೆಗೆ ಬೇಕಾಗಿದ್ದುದು ಬಹು ದೊಡ್ಡ ಬಂಡವಾಳ. ಒಕ್ಕೂಟವು ಸುಮಾರು 24.5 ಕೋಟಿ ಡಾಲರುಗಳ ಸಾಲಕ್ಕೆ ಸರ್ಕಾರದ ಖಾತರಿ ಕೋರಿತು. ಉಕ್ಕು ಕಾರ್ಮಿಕ ಸಂಘದ ರಾಷ್ಟ್ರೀಯ ನಾಯಕತ್ವವೂ ಹೆಚ್ಚು ಉತ್ಸಾಹ ತೋರದಿದ್ದ ಆ ಸನ್ನಿವೇಶದಲ್ಲಿ, 1979ರ ಮಾರ್ಚಿನಲ್ಲಿ ಅಧ್ಯಕ್ಷ ಕಾರ್ಟರ್ ಅವರ ಆಡಳಿತ ಅದನ್ನು ನಿರಾಕರಿಸಿತು. ಬಳಿಕ ಇದೇ ಊರಿನ ಬ್ರಯರ್ ಹಿಲ್ ಕಾರ್ಖಾನೆಯೂ ಯು.ಎಸ್. ಸ್ಟೀಲ್ ಕಂಪನಿಯ ಒಹಾಯೊ ಕಾರ್ಖಾನೆಯೂ ಮುಚ್ಚಿದವು. 1930ರಲ್ಲಿ 1,70,002 ಇದ್ದ ನಗರದ ಜನಸಂಖ್ಯೆ 2020ರ ಹೊತ್ತಿಗೆ ಸುಮಾರು 60,000ಕ್ಕೆ ಕುಸಿಯಿತು. ಭಕ್ತರು ಚದುರಿದಂತೆ ಹಲವು ಚರ್ಚುಗಳು ಒಂದರೊಳಗೊಂದು ವಿಲೀನಗೊಂಡವು.

ಒಕ್ಕೂಟವು ಸೋತರೂ ಅದರ ವಾದ ಸಾಯಲಿಲ್ಲ. ಮಲೋನ್ 1983ರಿಂದ 1986ರವರೆಗೆ ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಆರ್ಥಿಕ ನ್ಯಾಯವನ್ನು ಕುರಿತ ಅದರ ಪ್ರಸಿದ್ಧ ಪತ್ರವು 1986ರಲ್ಲಿ ಅಂಗೀಕಾರವಾಯಿತು. 1988ರಲ್ಲಿ ಅಮೆರಿಕದ ಸಂಸತ್ತು, 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ದೊಡ್ಡ ಪ್ರಮಾಣದ ಮುಚ್ಚುಗಡೆಗೆ ಸಾಮಾನ್ಯವಾಗಿ 60 ದಿನ ಮೊದಲೇ ಸೂಚನೆ ಕೊಡಬೇಕೆಂಬ ಕಾನೂನನ್ನು ಮಾಡಿತು.